ಮುಕ್ಕಾಲು ಟನ್ ದಿಮ್ಮಿ, ಆಳು ಒಬ್ಬನೇ

ಮೊದಲ ದಿಮ್ಮಿಯ ಫೋಟೊ ಕಳುಹಿಸಿದ ರಾತ್ರಿಯೇ ಅಪ್ಪಯ್ಯ ಸಾಗರದಿಂದ ಫೋನ್ ಮಾಡಿದರು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

“ಸುತ್ತಳತೆ ಎಷ್ಟು?”

“ಆರೂಕಾಲು ಅಡಿ. ಉದ್ದ ಹನ್ನೆರಡು.”

“ಆಳು ಎಷ್ಟು ಜನ?”

“ನಾನೊಬ್ಬನೇ.”

ಸ್ವಲ್ಪ ಹೊತ್ತು ಅಡಕತ್ತರಿಯ ಸದ್ದು ಮಾತ್ರ ಕೇಳಿಸಿತು. “ಹಾಗಾದರೆ ಅದು ಅಲ್ಲೇ ಇರಲಿ ಬಿಡು. ಸಂಜೆ ಕೂರುವುದಕ್ಕೆ ಒಳ್ಳೆಯ ಜಾಗವಾಯಿತು” ಎಂದರು.

ನಾವಿರುವುದು ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ, ಫಿಂಗರ್ ಲೇಕ್ಸ್ ಎನ್ನುವ ಉದ್ದುದ್ದ ಸರೋವರಗಳ ದಕ್ಷಿಣದ ಗುಡ್ಡಗಳಲ್ಲಿ. ಮನೆಯ ಜೊತೆಗೆ ಹನ್ನೊಂದು ಎಕರೆ ಬಂತು. ಅದರಲ್ಲಿ ಅರ್ಧ ಕಾಡು. ಮಲೆನಾಡಿನವನಿಗೆ ಕಾಡಿರುವ ಜಾಗ ಕಂಡರೆ ಬೇರೆ ಲೆಕ್ಕಗಳೆಲ್ಲ ಮರೆತುಹೋಗುತ್ತವೆ. ಕೊಂಡ ಮೇಲೆ ಗೊತ್ತಾಯಿತು, ಕಾಡಿನ ಕಾಲು ಭಾಗ ನಿಂತಲ್ಲೇ ಸತ್ತಿದೆ ಎಂದು. ಸತ್ತದ್ದೆಲ್ಲ ಆ್ಯಶ್ ಮರ. ಹೆಸರು ಕೇಳಿದರೆ ವಿಭೂತಿಯ ನೆನಪು ಬರುತ್ತದೆ, ಆದರೆ ಬೂದಿಗೂ ಅದಕ್ಕೂ ಸಂಬಂಧವಿಲ್ಲ. ಬೇಸ್‌ಬಾಲ್ ದಾಂಡು, ಸಲಿಕೆಯ ಹಿಡಿ, ಕೊಡಲಿಯ ಕಾವು ಇವುಗಳಿಗೆಲ್ಲ ಇಲ್ಲಿ ತಲೆತಲಾಂತರದಿಂದ ಬಳಸಿದ ಮರ. ಏಷ್ಯಾದಿಂದ ಬಹುಶಃ ಸರಕಿನ ಮರದ ಪೆಟ್ಟಿಗೆಗಳ ಒಳಗೆ ಕುಳಿತು ಬಂದ ಪಚ್ಚೆ ಬಣ್ಣದ ಒಂದು ಪುಟ್ಟ ಜೀರುಂಡೆ ಇದಕ್ಕೆ ಯಮನಾಯಿತು. ಡೆಟ್ರಾಯಿಟ್ ಬಳಿ ಅದನ್ನು ಗುರುತಿಸಿದ್ದು 2002ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ ಕಂಡದ್ದು 2009ರಲ್ಲಿ. ಹುಳು ತೊಗಟೆಯ ಅಡಿಯಲ್ಲಿ ಹಾವು ಹರಿದಂತೆ ಕೊರೆಯುತ್ತಾ ಹೋಗುತ್ತದೆ, ಮರಕ್ಕೆ ಅನ್ನ ನೀರು ಎರಡೂ ನಿಲ್ಲುತ್ತವೆ. ತೊಗಟೆ ಎಬ್ಬಿಸಿದರೆ ಆ ದಾರಿಗಳು ಯಾರೋ ಕೂತು ಕೆತ್ತಿದ ಚಿತ್ತಾರದಂತೆ ಕಾಣುತ್ತವೆ. ನೋಡಲು ಚೆಂದ ಎನ್ನುವುದಕ್ಕೆ ಮನಸ್ಸು ಬರುವುದಿಲ್ಲ.

ಸತ್ತ ಮರವನ್ನು ಸೌದೆ ಮಾಡಿ ಮಾರೋಣವೆಂದರೆ, ಹುಳು ಹರಡಬಾರದೆಂದು, ಕಾಯಿಸಿ ಸಂಸ್ಕರಿಸದ ಸೌದೆಯನ್ನು ಕಡಿದ ಜಾಗದಿಂದ 50 ಮೈಲಿಗಿಂತ ದೂರ ಸಾಗಿಸುವಂತಿಲ್ಲ. ಅತ್ತ 2021ರ ಮೇ ತಿಂಗಳಲ್ಲಿ ಮನೆ ಕಟ್ಟುವ ಮರದ ಬೆಲೆ ಸಾವಿರ ಬೋರ್ಡ್ ಫುಟ್‌ಗೆ (ಒಂದು ಬೋರ್ಡ್ ಫುಟ್ ಎಂದರೆ ಅಡಿ ಉದ್ದ, ಅಡಿ ಅಗಲ, ಅಂಗುಲ ದಪ್ಪದ ಹಲಗೆ) 1,600 ಡಾಲರ್ ದಾಟಿತ್ತು. ನನಗೆ ಒಂದು ಕೊಟ್ಟಿಗೆ ಕಟ್ಟಬೇಕಿತ್ತು. ಹಿತ್ತಿಲಿನಲ್ಲಿ ಮರ ಕೊಳೆಯುತ್ತಿರುವಾಗ ಅಂಗಡಿಗೆ ಹೋಗಿ ಹಲಗೆಗೆ ದುಡ್ಡು ಸುರಿಯಲು ಕೈ ಬರಲಿಲ್ಲ. ಆ ವರ್ಷದ ಕೊನೆಗೆ, ಹಳೆಯ ಕಾರೊಂದರ ಬೆಲೆ ಕೊಟ್ಟು, ಯಾರೋ ಬಳಸಿ ಬಿಟ್ಟಿದ್ದ ಸಂಚಾರಿ ಸಾಮಿಲ್ ಒಂದನ್ನು ತಂದೆ.

ಸಾಮಿಲ್ ಎಂದರೆ ದೊಡ್ಡದೇನೂ ಅಲ್ಲ. ರೈಲು ಹಳಿಯಂತೆ ಎರಡು ಕಬ್ಬಿಣದ ಕಂಬಿಗಳು, ಅವುಗಳ ನಡುವೆ ದಿಮ್ಮಿ ಮಲಗುವ ಹಾಸು. ಕಂಬಿಗಳ ಮೇಲೆ ಉರುಳುವ ಒಂದು ತಲೆ. ಅದರಲ್ಲಿ 19 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಮತ್ತು ಎರಡು ಚಕ್ರಗಳಿಗೆ ಬೆಲ್ಟಿನಂತೆ ಸುತ್ತಿದ ಗರಗಸದ ಪಟ್ಟಿ. ಪಟ್ಟಿಯ ಅಗಲ ಒಂದೂಕಾಲು ಅಂಗುಲ, ಸುತ್ತು ಹನ್ನೆರಡು ಅಡಿ, ಓಡುವ ವೇಗ ಸೆಕೆಂಡಿಗೆ ಸುಮಾರು 25 ಮೀಟರ್. ದಿಮ್ಮಿ ಅಲುಗುವುದಿಲ್ಲ. ನಾನು ತಲೆಯನ್ನು ತಳ್ಳುತ್ತಾ ಹೋಗುತ್ತೇನೆ, ಹಲಗೆ ಕೊಯ್ದು ಬೀಳುತ್ತದೆ. 28 ಅಂಗುಲ ವ್ಯಾಸದವರೆಗಿನ ದಿಮ್ಮಿ ಹಿಡಿಯುತ್ತದೆ. ಕೊಳ್ಳುವ ಮೊದಲು ನೋಡಿದ ವಿಡಿಯೊಗಳಲ್ಲೆಲ್ಲ ಇಷ್ಟೇ ಇತ್ತು. ದಿಮ್ಮಿ ಹಾಸಿನ ಮೇಲೆ ಹೇಗೆ ಬಂತು ಎನ್ನುವುದನ್ನು ಯಾರೂ ತೋರಿಸಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಮೊದಲ ದಿಮ್ಮಿಯನ್ನು ಕೊಯ್ಯಲು ನನಗೆ ಹಿಡಿದದ್ದು ಒಂದೂವರೆ ಗಂಟೆ. ಅದನ್ನು ಮೂವತ್ತು ಅಡಿ ದೂರದಿಂದ ತಂದು ಎರಡು ಅಡಿ ಎತ್ತರಕ್ಕೆ ಏರಿಸಲು ಎರಡು ಶನಿವಾರ, ಒಂದು ಭಾನುವಾರ.

ಮರ ಉರುಳಿಸಿದ್ದು ನಾನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸತ್ತ ಆ್ಯಶ್ ಹಪ್ಪಳದಂತೆ. ಗರಗಸ ಬುಡದಲ್ಲಿರುವಾಗಲೇ ಮೇಲಿನ ಕೊಂಬೆ ಮುರಿದು ನೆತ್ತಿಯ ಮೇಲೆ ಬೀಳುತ್ತದೆ. ಅದಕ್ಕೆ ಕಸುಬಿನವರನ್ನೇ ಕರೆಸಿದೆ. ಅವರು ಒಂದು ದಿನದಲ್ಲಿ ಒಂಬತ್ತು ಮರ ಕೆಡವಿ, ನಾನು ಹೇಳಿದ ಉದ್ದಕ್ಕೆ ತುಂಡು ಮಾಡಿ, ದುಡ್ಡು ಎಣಿಸಿಕೊಂಡು ಹೋದರು. ಉಳಿದದ್ದು ನಾನು ಮತ್ತು ದಿಮ್ಮಿಗಳು.

ಎರಡು ಅಡಿ ದಪ್ಪ, ಹನ್ನೆರಡು ಅಡಿ ಉದ್ದದ ಆ್ಯಶ್ ದಿಮ್ಮಿ ಸುಮಾರು ಮುಕ್ಕಾಲು ಟನ್ ತೂಗುತ್ತದೆ. ಅಷ್ಟೇ ಗಾತ್ರದ ಹಸಿ ಓಕ್ ಆದರೆ ಒಂದು ಟನ್ ದಾಟುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಅಂಗಳದಲ್ಲೇ ನಾಟಾ ಕೊಯ್ಯುತ್ತಿದ್ದರು. ಎತ್ತರದ ಅಟ್ಟಣಿಗೆಯ ಮೇಲೆ ದಿಮ್ಮಿ, ಅದರ ಮೇಲೆ ಒಬ್ಬ, ಕೆಳಗೆ ಒಬ್ಬ, ನಡುವೆ ಆಳುದ್ದದ ಗರಗಸ. ಕೆಳಗಿದ್ದವನ ಹುಬ್ಬು ಮೀಸೆಯೆಲ್ಲ ಹೊಟ್ಟಿನಿಂದ ಹಳದಿಯಾಗಿರುತ್ತಿತ್ತು. ಅದನ್ನು ನೋಡುತ್ತಾ ಗಂಟೆಗಟ್ಟಲೆ ಕೂತದ್ದು ನೆನಪಿದೆ. ಆದರೆ ದಿಮ್ಮಿಯನ್ನು ಅಟ್ಟಣಿಗೆಗೆ ಏರಿಸಲು ಹತ್ತು ಜನ ಸೇರುತ್ತಿದ್ದರು, ಒಬ್ಬ ಪದ ಹೇಳುತ್ತಿದ್ದ, ಉಳಿದವರು ‘ಐಸಾ’ ಎಂದು ಒಟ್ಟಿಗೆ ಭುಜ ಕೊಡುತ್ತಿದ್ದರು ಎನ್ನುವುದು ಮಾತ್ರ ನನ್ನ ಲೆಕ್ಕದಿಂದ ಜಾರಿಹೋಗಿತ್ತು. ಇಲ್ಲಿ ‘ಐಸಾ’ ಎನ್ನುವವನೂ ನಾನೇ, ಭುಜ ಕೊಡುವವನೂ ನಾನೇ.

2022ರ ಏಪ್ರಿಲ್‌ನಲ್ಲಿ ಶುರು ಮಾಡಿದಾಗ ನನ್ನ ಬಳಿ ಇದ್ದದ್ದು ಒಂದು ಹಾರೆ ಮತ್ತು ಒಂದು ಪೀವಿ. ಪೀವಿ ಎಂದರೆ ಐದಡಿ ಕಾವಿಗೆ ತುದಿಯಲ್ಲಿ ಚೂಪು ಮೊಳೆ, ಬದಿಯಲ್ಲಿ ಆಡುವ ಕಬ್ಬಿಣದ ಕೊಕ್ಕೆ. ಮೇನ್ ರಾಜ್ಯದ ಜೋಸೆಫ್ ಪೀವಿ ಎಂಬ ಕಮ್ಮಾರ 1858ರಲ್ಲಿ ಮಾಡಿದ್ದು, ನದಿಯಲ್ಲಿ ತೇಲಿಬಿಟ್ಟ ದಿಮ್ಮಿಗಳನ್ನು ಹೊರಳಿಸುವವರಿಗಾಗಿ. ಕೊಕ್ಕೆ ತೊಗಟೆಗೆ ಕಚ್ಚುತ್ತದೆ, ಕಾವು ಎಳೆದರೆ ದಿಮ್ಮಿ ಹೊರಳುತ್ತದೆ. ಸಮತಟ್ಟಾದ ನೆಲದಲ್ಲಿ ಮುಕ್ಕಾಲು ಟನ್ ಮರವನ್ನು ಒಬ್ಬನೇ ಹೊರಳಿಸಿದಾಗ ಮೈಯೆಲ್ಲ ಜುಮ್ಮೆನ್ನುತ್ತದೆ. ಅಪಾಯವಿರುವುದು ಆ ಜುಮ್ಮಿನಲ್ಲೇ.

ಹಾಸಿನ ಅಂಚಿಗೆ ಎರಡು ತೊಲೆಗಳನ್ನು ಇಳಿಜಾರಾಗಿ ಒರಗಿಸಿ, ದಿಮ್ಮಿಯ ಕೆಳಗಿನ ಬದಿಗೆ ನಿಂತು, ಪೀವಿಯಿಂದ ಒಂದೊಂದೇ ಗೇಣು ಮೇಲಕ್ಕೆ ಉರುಳಿಸುತ್ತಾ, ಕಾಲಿನಿಂದ ಬೆಣೆ ತಳ್ಳುತ್ತಾ ಹೋಗುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಅಂಗೈ ಬೆವರುತ್ತದೆ. ಅರ್ಧ ದಾರಿ ಬಂದಿತ್ತು. ಎಡಗಡೆಯ ತೊಲೆಯ ಬುಡ ಒದ್ದೆ ಎಲೆಗಳ ಮೇಲೆ ಇತ್ತು, ಅದನ್ನು ನಾನು ನೋಡಿರಲಿಲ್ಲ. ‘ಸರ್’ ಎಂದು ಒಂದು ಸಣ್ಣ ಸದ್ದು, ಅಷ್ಟೇ. ತೊಲೆ ಹಿಂದಕ್ಕೆ ಜಾರಿತು, ದಿಮ್ಮಿಯ ಒಂದು ತುದಿ ಕುಸಿಯಿತು. ಪೀವಿಯ ಕಾವು ಕೈಯಿಂದ ಕಿತ್ತುಕೊಂಡು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ನಾನು ಹಾರಿದೆನೋ ಬಿದ್ದೆನೋ ಗೊತ್ತಿಲ್ಲ, ಬದಿಯಲ್ಲಿ ಬೋರಲಾಗಿದ್ದೆ. ದಿಮ್ಮಿ ಅವಸರವಿಲ್ಲದೆ ಉರುಳುತ್ತಾ ಇಳಿದು ಒಂದು ಮೇಪಲ್ ಮರದ ಬುಡಕ್ಕೆ ಗುದ್ದಿ ನಿಂತಿತು. ದಾರಿಯಲ್ಲಿ ನನ್ನ ನೀರಿನ ಚೊಂಬು ಇತ್ತು. ಮನೆ ಬಿಟ್ಟು ಬರುವಾಗ ಅಮ್ಮ ಕೊಟ್ಟಿದ್ದ ಸ್ಟೀಲಿನ ಚೊಂಬು, ಅಡಿಯಲ್ಲಿ ಅಪ್ಪಯ್ಯನ ಹೆಸರು ಕೊರೆದದ್ದು. ಎತ್ತಿಕೊಂಡಾಗ ಅದು ತಟ್ಟೆಯಾಗಿತ್ತು. ಮಡಿಕೆಯ ಒಳಗೆ ತೊಗಟೆಯ ನಾರು ಸಿಕ್ಕಿಕೊಂಡಿತ್ತು.

ಆ ದಿನ ಕೆಲಸ ಅಲ್ಲಿಗೆ ನಿಂತಿತು. ಹೆಂಡತಿಗೆ ಹೇಳಿದ್ದು ಮರುದಿನ. ಅವಳು ಕೂಗಾಡಲಿಲ್ಲ. ಒಂದು ಕಾಗದ ತೆಗೆದುಕೊಂಡು ಎರಡು ಸಾಲು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದಳು: ಮುಕ್ಕಾಲು ಗಂಟೆಗೊಮ್ಮೆ ಸಂದೇಶ ಬರಬೇಕು, ಬಾರದಿದ್ದರೆ ಮೊದಲು ಬರುವವಳು ನಾನು, ಆಮೇಲೆ ಆಂಬುಲೆನ್ಸ್. ಮೊಬೈಲ್ ಪ್ಯಾಂಟಿನ ಜೇಬಿನಲ್ಲಿ ಇರಕೂಡದು ಎಂದೂ ಹೇಳಿದಳು. ದಿಮ್ಮಿಯಡಿ ಕಾಲು ಸಿಕ್ಕಿದರೆ ಜೇಬೂ ಅದರಡಿಯಲ್ಲೇ ಇರುತ್ತದಲ್ಲ. ಅಂದಿನಿಂದ ಅಂಗಿಯ ಎದೆಜೇಬಿನಲ್ಲಿ, ಗುಂಡಿ ಹಾಕಿ. ಒಂದು ಸಲ ಎಂಜಿನ್ ಸದ್ದಿನಲ್ಲಿ ಮರೆತೆ. ಅಡುಗೆಮನೆಯ ಚಪ್ಪಲಿಯಲ್ಲೇ ಹಿಮದಲ್ಲಿ ಓಡಿಬಂದಿದ್ದಳು. ನಾನು ಹಲಗೆ ಜೋಡಿಸುತ್ತಾ ಹಾಡು ಹೇಳಿಕೊಳ್ಳುತ್ತಿದ್ದೆ. ಆವತ್ತು ಕೂಗಾಡಿದಳು.

ಬಾವಿಯ ರಾಟೆಯೇ ಕೊನೆಗೆ ದಾರಿ ತೋರಿಸಿತು. ಒಂದು ಅಗಲವಾದ ಪಟ್ಟಿಯ ತುದಿಯನ್ನು ಹಾಸಿನ ಕಬ್ಬಿಣಕ್ಕೆ ಕಟ್ಟಿ, ಇಳಿಜಾರಿನುದ್ದಕ್ಕೂ ಕೆಳಗೆ ತಂದು, ದಿಮ್ಮಿಯ ಅಡಿಯಿಂದ ತೂರಿಸಿ, ಮೇಲಿನಿಂದ ಸುತ್ತಿ, ಮತ್ತೆ ಹಾಸಿನ ಆಚೆ ಬದಿಯ ಕೈ ವಿಂಚಿಗೆ (ಹಿಡಿಕೆ ತಿರುಗಿಸಿ ಎಳೆಯುವ ಸಲಕರಣೆ) ಒಯ್ದು ಎಳೆಯುವುದು. ಆಗ ದಿಮ್ಮಿಯೇ ರಾಟೆಯಾಗುತ್ತದೆ. ಪಟ್ಟಿಯ ಒಳಗೆ ತಾನೇ ಉರುಳುತ್ತಾ ಮೇಲೇರುತ್ತದೆ. ಲೆಕ್ಕ ಸರಳ: ಆರಡಿ ಉದ್ದದ ತೊಲೆ ಎರಡಡಿ ಏರುವ ಕಡೆ ಭಾರದ ಮೂರನೇ ಒಂದು ಭಾಗ ಮಾತ್ರ ಹಿಂದಕ್ಕೆ ಎಳೆಯುತ್ತದೆ, 770 ಕೆಜಿಗೆ ಸುಮಾರು 260. ದಿಮ್ಮಿ ರಾಟೆಯಾದ್ದರಿಂದ ಅದರಲ್ಲೂ ಅರ್ಧ, 130. ಅದನ್ನು ವಿಂಚಿನ ಹಲ್ಲುಚಕ್ರ ಮತ್ತು ಹಿಡಿಕೆ ನುಂಗಿದ ಮೇಲೆ ನನ್ನ ಕೈಗೆ ಬರುವುದು ಒಂದು ಬಿಂದಿಗೆ ನೀರು ಸೇದುವಷ್ಟು ಭಾರ. ಹಡಗಿನವರು ಪೀಪಾಯಿಗಳನ್ನು ಹೀಗೆಯೇ ಏರಿಸುತ್ತಿದ್ದರಂತೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಂಚು ಇರುವುದು ಮೇಲಿನ ಬದಿಯಲ್ಲಿ. ದಿಮ್ಮಿಯ ಕೆಳಗೆ ಈಗ ಯಾರೂ ಇರುವುದಿಲ್ಲ, ಚೊಂಬು ಕೂಡ.

ಇಷ್ಟಾದರೂ ದಿಮ್ಮಿ ನೆಟ್ಟಗೆ ಬರುವುದಿಲ್ಲ. ಬುಡ ದಪ್ಪ, ತುದಿ ಸಪೂರ. ಒಂದು ಸುತ್ತು ಉರುಳಿದರೆ ಬುಡ ಹೆಚ್ಚು ದೂರ ಹೋಗುತ್ತದೆ. ನೋಡನೋಡುತ್ತಾ ಎಳೆಯೆತ್ತು ಜೊತೆಯ ಎತ್ತನ್ನು ಬಿಟ್ಟು ಮುಂದೆ ಎಳೆದಂತೆ ದಿಮ್ಮಿ ಓರೆಯಾಗುತ್ತದೆ. ಆಗ ಎರಡೂ ತುದಿಗೆ ಬೆಣೆ ಕೊಟ್ಟು, ವಿಂಚು ಕಚ್ಚಿ ನಿಂತಿದೆಯೇ ಎಂದು ನೋಡಿ, ಬುಡವನ್ನು ಅಲ್ಲೇ ತಡೆದು, ಸಪೂರ ತುದಿಯನ್ನು ಬದಿಯಿಂದ ಹಾರೆಯಲ್ಲಿ ಮೀಟಿ ಮೀಟಿ ಮುಂದೆ ತರಬೇಕು. ಒಂದೊಂದು ಸಲ ಈ ಓರೆ ತಿದ್ದುವುದರಲ್ಲೇ ಅರ್ಧ ಗಂಟೆ. ಅವಸರ ಮಾಡಿದರೆ ಒಂದು ಗಂಟೆ.

ದಿಮ್ಮಿ ಆಚೆ ಬದಿಗೆ ಉರುಳಿ ಬೀಳದಂತೆ ಹಾಸಿನ ಅಂಚಿನಲ್ಲಿ ಉಕ್ಕಿನ ಊರೆಗಳಿವೆ. ಏರಿಸುವ ಮೊದಲು ಅವು ಎದ್ದು ನಿಂತಿರಬೇಕು. ಕೊಯ್ಯುವಾಗ ಗರಗಸದ ಮಟ್ಟಕ್ಕಿಂತ ಕೆಳಗೆ ಇಳಿದಿರಬೇಕು. ಈ ಕೆಲಸ ಮಾಡುವ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಇಳಿಸಲು ಮರೆಯುತ್ತಾನಂತೆ. ನಾನು ಮೂರನೆಯ ದಿಮ್ಮಿಯಲ್ಲಿ ಮರೆತೆ. ಕಿವಿಮುಚ್ಚಳದ ಒಳಗೂ ಹಲ್ಲು ಜುಮ್ಮೆನ್ನುವಂತಹ ಕೀರಲು, ಕಿಡಿ, ಆಮೇಲೆ ಏನೂ ಕೊಯ್ಯದೆ ಸುಮ್ಮನೆ ಓಡುತ್ತಿರುವ ಪಟ್ಟಿ. ಊರೆಗೆ ಒಂದು ಗೀರು ಬಿದ್ದಿತ್ತು. ಪಟ್ಟಿಯ ಹಲ್ಲುಗಳು ಒಂದೂ ಉಳಿದಿರಲಿಲ್ಲ.

ಕೊಯ್ಯುವುದು ಎಲ್ಲ ಸರಿಯಿದ್ದರೆ ನಿಜಕ್ಕೂ ಸುಖ. ಹಲ್ಲಿಗೆ ಅಂಟು ಹಿಡಿಯದಂತೆ ಪಟ್ಟಿಯ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ. ಎಂಜಿನ್ನಿನ ದನಿ ಮರದೊಳಗೆ ಹೋಗುತ್ತಲೇ ಒಂದು ಶ್ರುತಿ ಕೆಳಗಿಳಿಯುತ್ತದೆ. ಆ ಶ್ರುತಿ ಹಿಡಿದುಕೊಂಡು ತಳ್ಳಬೇಕು, ಗಂಟು ಬಂದಲ್ಲಿ ನಿಧಾನಿಸಬೇಕು. ಪಟ್ಟಿ ಮೊಂಡಾದರೆ ಗಂಟಿನ ಬಳಿ ಮೇಲಕ್ಕೋ ಕೆಳಕ್ಕೋ ಓಡಿ ಹಲಗೆಯಲ್ಲಿ ಅಲೆ ಏಳಿಸುತ್ತದೆ. ಮೊದಲ ಮೈ ತೆರೆದುಕೊಂಡಾಗ ಒಳಗೇನಿದೆ ಎಂದು ನೋಡುವ ಕುತೂಹಲ ಇನ್ನೂ ತೀರಿಲ್ಲ. ಆ್ಯಶ್ ಹಾಲಿನ ಕೆನೆಯ ಬಣ್ಣ, ನಡುವೆ ಕಂದು ಎಳೆ, ವಾಸನೆ ಹೆಚ್ಚೇನಿಲ್ಲ. ಕೆಂಪು ಓಕ್ ಹುಳಿ ವಾಸನೆ ಹೊಡೆಯುತ್ತದೆ. ಚೆರ್ರಿ ಮರ ಕೊಯ್ದ ದಿನ ಅಂಗಿಯನ್ನು ಒಗೆಯಲು ಹಾಕಲು ಮನಸ್ಸಾಗುವುದಿಲ್ಲ.

ಆದರೆ ಒಂದು ಮೈ ಚಪ್ಪಟೆಯಾದ ಮೇಲೆ ದಿಮ್ಮಿಯನ್ನು ಮಗುಚಬೇಕಲ್ಲ. ಗುಂಡಗಿದ್ದಾಗ ಪೀವಿಗೆ ಮಣಿಯುತ್ತಿದ್ದದ್ದು ಈಗ ಮೊಂಡು ಬೀಳುತ್ತದೆ. ಅಂಚಿನ ಮೇಲೆ ಎದ್ದು ನಿಂತು, ಒಂದು ಕ್ಷಣ ತೂಗಿ, ಧಡಾರನೆ ಬೀಳುತ್ತದೆ. ಇಡೀ ಹಾಸು ನಡುಗಿ, ಕಷ್ಟಪಟ್ಟು ಹಿಡಿದ ಮಟ್ಟವೆಲ್ಲ ತಪ್ಪಿಹೋಗುತ್ತದೆ. ಬೀಳುವ ಕಡೆ ಹಳೆಯ ಟೈರಿನ ತುಂಡು ಇಡುವುದು ನನ್ನ ಸ್ವಂತ ಶೋಧನೆ ಎಂದು ಬೀಗುತ್ತಿದ್ದೆ. ಆಚೆ ಮನೆಯ ಮುದುಕ ರೈತರು ಬಂದು ನೋಡಿ, ತಮ್ಮ ತಂದೆಯೂ ಹಾಗೆಯೇ ಮಾಡುತ್ತಿದ್ದರು ಎಂದರು.

ಹಲಗೆಗಳೂ ಹಗುರವಲ್ಲ. ಎರಡು ಅಂಗುಲ ದಪ್ಪ, ಒಂದು ಅಡಿ ಅಗಲ, ಹನ್ನೆರಡು ಅಡಿ ಉದ್ದದ್ದು 40 ಕೆಜಿ. ಮೊದಲು ಹೆಗಲ ಮೇಲೆ ಹೊರುತ್ತಿದ್ದೆ. ಸೊಂಟ ಹಿಡಿದ ಮೇಲೆ ಬುದ್ಧಿ ಬಂತು. ಈಗ ಒಂದು ತುದಿಯನ್ನು ನಾಲ್ಕು ಕಾಲಿನ ಮರದ ಸ್ಟ್ಯಾಂಡಿನ ಮೇಲೆ ಜಾರಿಸಿ, ಇನ್ನೊಂದು ತುದಿ ಹಿಡಿದು ಸುತ್ತು ಹೊಡೆಸುತ್ತೇನೆ. ಆಮೇಲೆ ಆ ತುದಿ ಇಳಿಸಿ, ಈ ತುದಿ ಎತ್ತುತ್ತೇನೆ. ಹಲಗೆಯನ್ನು ಹೊರುವುದಿಲ್ಲ, ನಡೆಸಿಕೊಂಡು ಹೋಗುತ್ತೇನೆ. ಮುಂಗಾಲಿನಲ್ಲಿ ಪೆಟ್ಟಾದ ದನವನ್ನು ಕೊಟ್ಟಿಗೆಗೆ ತರುವ ಹಾಗೆ.

ಬೇಲಿಯ ಸಾಲಿನಲ್ಲಿ ಬಿದ್ದಿದ್ದ ಓಕ್ ಮರದ ವಿಷಯ ಹೇಳದಿದ್ದರೆ ಕತೆ ಪೂರ್ತಿಯಾಗದು. ಹಳೆಯ ಬೇಲಿಯ ಮೊಳೆಗಳನ್ನು ಮರ ನುಂಗಿಕೊಂಡು ಬೆಳೆದಿರುತ್ತದೆ. ಲೋಹ ಹುಡುಕುವ ಯಂತ್ರದಿಂದ ಎರಡು ಮೊಳೆ ಸಿಕ್ಕವು. ಮೂರನೆಯದನ್ನು ಗರಗಸವೇ ಹುಡುಕಿತು. ಆ ಹಲಗೆಯಲ್ಲಿ ಮೊಳೆಯಿಂದ ಮೇಲಕ್ಕೂ ಕೆಳಕ್ಕೂ ಮೊಳದುದ್ದ ನೀಲಿಗಪ್ಪು ಗೆರೆ ಹರಿದಿತ್ತು. ನೋಡಿದ ಕೂಡಲೇ ಅಜ್ಜನ ಮಸಿಕುಡಿಕೆ ನೆನಪಾಯಿತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಆಗುವ ಮಸಿಯೇ ಇದು: ಮರದ ಒಗರು, ಕಬ್ಬಿಣದ ತುಕ್ಕು, ನೀರು. ಓಕ್ ತನ್ನೊಳಗೆ ತಾನೇ ಮಸಿ ಅರೆದುಕೊಂಡಿತ್ತು. ಈಗ ಕೊಯ್ಯುವ ಮೊದಲು ದಿಮ್ಮಿಯ ಕತ್ತರಿಸಿದ ತುದಿಯಲ್ಲಿ ನೀಲಿ ಚುಕ್ಕೆ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಅದು ಸೌದೆಗೆ.

ನನ್ನ ಮಟ್ಟಿಗೆ ಈ ಕೆಲಸಕ್ಕೆ ಚಳಿಗಾಲವೇ ಸರಿ. ಆರಿಂಚು ಹಿಮ ಬಿದ್ದು ನೆಲ ಗಟ್ಟಿಯಾದರೆ ದಿಮ್ಮಿ ದೋಣಿಯಂತೆ ಜಾರುತ್ತದೆ. ತೊಗಟೆಗೆ ಕೆಸರು ಮರಳು ಮೆತ್ತುವುದಿಲ್ಲ, ಆದ್ದರಿಂದ ಗರಗಸದ ಹಲ್ಲು ಬಾಳುತ್ತದೆ. ಕೆಸರಿನಲ್ಲಿ ಎಳೆದು ತಂದ ದಿಮ್ಮಿಯನ್ನು ಕೊಯ್ಯುವುದೂ ಕಲ್ಲು ಕೊಯ್ಯುವುದೂ ಒಂದೇ. ಗರಗಸ ಹೋಗುವ ದಾರಿಯುದ್ದಕ್ಕೂ ಕೊಡಲಿಯಿಂದ ತೊಗಟೆ ಕೆತ್ತಿ ತೆಗೆಯಬೇಕು. ಕೊಯ್ದ ಹಲಗೆಗಳನ್ನು ನಡುನಡುವೆ ರೀಪು ಇಟ್ಟು ಪೇರಿಸಿ, ತುದಿಗಳಿಗೆ ಮೇಣದ ಬಣ್ಣ ಬಳಿದು, ಮೇಲೆ ತಗಡು ಹೊದೆಸಿ ಬಿಟ್ಟಿದ್ದೇನೆ. ಅಂಗುಲಕ್ಕೆ ಒಂದು ವರ್ಷ ಎಂದು ಇಲ್ಲಿಯವರ ಲೆಕ್ಕ. ಕೊಟ್ಟಿಗೆಗೆ ಇನ್ನೂ ಕಂಬ ಮಾತ್ರ ಎದ್ದಿದೆ.

2023ರ ಬೇಸಿಗೆಯಲ್ಲಿ ಅಪ್ಪಯ್ಯ ಬಂದರು. ಮರುದಿನ ಬೆಳಗ್ಗೆಯೇ ಹಗ್ಗ ಕೇಳಿದರು. ಆಯಾಸವನ್ನೂ ಲೆಕ್ಕಿಸದೆ ದಿಮ್ಮಿಯ ನಡುವಿಗೆ ಹಗ್ಗ ಸುತ್ತಿ, ಅದನ್ನು ನಾಲ್ಕು ಮಡಿಕೆ ಮಾಡಿ ಅಳೆದು, ಅಗಲ ಎತ್ತರ ಎರಡಕ್ಕೂ ಅದೇ ಅಳತೆ ಹಿಡಿದು ಉದ್ದದಿಂದ ಗುಣಿಸಿ, ಹೆಚ್ಚುಕಮ್ಮಿ 30 ಘನ ಅಡಿ ಎಂದರು. ಇಲ್ಲಿಯವರ ಡಾಯ್ಲ್ ಎನ್ನುವ ಸೂತ್ರ ಹಾಕಿದರೆ ಅದೇ ದಿಮ್ಮಿ 300 ಬೋರ್ಡ್ ಫುಟ್, ಅಂದರೆ 25 ಘನ ಅಡಿ. ಎರಡೂ ವ್ಯಾಪಾರಿಯ ಲೆಕ್ಕಗಳೇ, ಎರಡೂ ಬೆಳೆದವನ ಜೇಬಿನಿಂದಲೇ ಕಳೆಯುತ್ತವೆ ಎಂದೆ. ನಿಜವಾದ ಗಾತ್ರ 37ಕ್ಕೂ ಹೆಚ್ಚು. ಹಲಗೆಯಾಗಿ ಕೈಗೆ ಬಂದದ್ದು 26. “ಕೊಯ್ದವನ ಕೂಲಿ ಎಷ್ಟು?” ಎಂದು ಕೇಳಿದರು. ಅದನ್ನು ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ಮಧ್ಯಾಹ್ನ ನಾನು ಒಂದು ದಿಮ್ಮಿ ಏರಿಸುವಾಗ ಕುರ್ಚಿ ಹಾಕಿಕೊಂಡು ಮೇಲಿನ ಬದಿಯಲ್ಲೇ ಕೂತು ನೋಡಿದರು. ಬಾಯಿ ಬಿಡಲಿಲ್ಲ. ಸಲಕರಣೆಗಳ ಗೂಡಿನಲ್ಲಿ ಹಾರೆ ಇಡಲು ಹೋದಾಗ ಅಲ್ಲಿ ಚಪ್ಪಟೆ ಚೊಂಬು ಕಾಣಿಸಿತು. ಎತ್ತಿ ತಿರುಗಿಸಿ ಅಡಿಯಲ್ಲಿದ್ದ ಹೆಸರು ಓದಿದರು.

“ಕಾರು ಹತ್ತಿತು” ಎಂದೆ.

ಅಪ್ಪಯ್ಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ತೊಗಟೆಯ ನಾರನ್ನು ಉಗುರಿನಿಂದ ಕೆರೆದು ತೆಗೆದು, ಬೆರಳ ತುದಿಯಲ್ಲಿ ಹೊಸಕಿ ನೋಡಿದರು. ಚೊಂಬನ್ನು ಇದ್ದ ಜಾಗದಲ್ಲೇ ಇಟ್ಟರು.

“ಬೆಣೆ ಎಷ್ಟಿವೆ ನಿನ್ನ ಹತ್ತಿರ?”

“ನಾಲ್ಕು.”

“ಎಂಟು ಮಾಡು” ಎಂದು ಹೇಳಿ ಕೊಡಲಿ ಎಲ್ಲಿದೆ ಎಂದು ಹುಡುಕತೊಡಗಿದರು.